ಪ್ರಸಾದಕ್ಕೆ ಪ್ರಮಾಣವುಂಟೇ?

ಆಷಾಢವು ಕಳೆದು ಶ್ರಾವಣವು ಕಾಲಿಟ್ಟಿತೆಂದರೆ ನಮ್ಮ ಮನೆಗಳಲ್ಲಿ ಹಬ್ಬಗಳ ಸಾಲು ಆರಂಭವಾಗುತ್ತದೆ. ನಾಗಪಂಚಮಿ, ವರಮಹಾಲಕ್ಷ್ಮೀವ್ರತ, ಉಪಾಕರ್ಮ, ಶ್ರೀರಾಘವೇಂದ್ರತೀರ್ಥರ ಮೂರು ದಿನಗಳ ಆರಾಧನೆ, ಶ್ರೀಕೃಷ್ಣಜಯಂತಿ, ಗೌರೀ-ಗಣೇಶ, ಅನಂತನ ಚತುರ್ದಶಿ, ನವರಾತ್ರಿ, ದೀಪಾವಳಿ, ಉತ್ಥಾನದ್ವಾದಶಿ, ಹೀಗೆ ನಾಲ್ಕು ತಿಂಗಳು ಬಾಗಿಲಿನ ತೋರಣವು ಬಾಡುವುದಕ್ಕೆ ಬಿಡುವಿರುವುದಿಲ್ಲ. ಅದು ಮುಗಿಯುವಷ್ಟರಲ್ಲಿ ಧನುರ್ಮಾಸದ ಹುಗ್ಗಿ, ಸಂಕ್ರಾಂತಿಯ ಎಳ್ಳುಬೆಲ್ಲಗಳು ಬಂದಿರುತ್ತವೆ. ನಡುನಡುವೆ ಉಪನಯನ, ಗೃಹಪ್ರವೇಶ, ಸತ್ಯನಾರಾಯಣಪೂಜೆಗಳ ಆಮಂತ್ರಣಗಳು ಬೇರೆ. ಸಂತೋಷದ ಕಾಲವಿದು, ಇದರಲ್ಲಿ ಸಂಶಯವಿಲ್ಲ. ಆದರೆ ಈ ಸಂತೋಷದ ನಡುವೆ ಪ್ರತಿಯೊಂದು ಪಂಕ್ತಿಯಲ್ಲಿಯೂ ಒಂದು ಪ್ರಶ್ನೆಯು ಮಾತಿಲ್ಲದೆ ಏಳುತ್ತದೆ. ಎಲೆಯ ಮುಂದೆ ಕುಳಿತವನು ಎಷ್ಟು ಉಣ್ಣಬೇಕು? ಭಗವಂತನಿಗೆ ಸಮರ್ಪಿತವಾದ ಅನ್ನದ ಮುಂದೆ "ಸಾಕು" ಎನ್ನುವುದು ಅಪಚಾರವೇ? ಇದು ವೈದ್ಯರಿಗೆ ಮಾತ್ರ ಸೇರಿದ ಪ್ರಶ್ನೆಯೆಂದು ನಾವು ತಿಳಿಯುವುದಿಲ್ಲ. ಇದು ಧರ್ಮದ ಪ್ರಶ್ನೆಯೂ ಹೌದು. ಆದುದರಿಂದ ಈ ಸಂಚಿಕೆಯಲ್ಲಿ ಇದನ್ನು ಸ್ವಲ್ಪ ವಿಚಾರ ಮಾಡಬೇಕೆಂದು ಬಯಸುತ್ತೇವೆ.

ಈ ವಿಚಾರವು ಬೆಂಗಳೂರಿನ ಹೊರವಲಯದಲ್ಲಿ ನೆಲೆಸಿರುವ ಕುಟುಂಬಗಳಿಗೆ ವಿಶೇಷವಾಗಿ ಅನ್ವಯಿಸುತ್ತದೆ. 1970ರ ದಶಕದಲ್ಲಿ ಪೀಣ್ಯದಲ್ಲಿ ಸಣ್ಣ ಕಾರ್ಖಾನೆಗಳು ಸಾಲುಗಟ್ಟಿದವು. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ಭೂಮಿಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ನಾಂದಿ ಹಾಡಿತು. 1990ರ ದಶಕದಲ್ಲಿ ವೈಟ್‌ಫೀಲ್ಡಿನಲ್ಲಿ ತಂತ್ರಾಂಶದ ಸೌಧಗಳು ತಲೆಯೆತ್ತಿದವು. ಉಡುಪಿ, ರಾಯಚೂರು, ಧಾರವಾಡ, ಮೈಸೂರು ಮೊದಲಾದ ಕಡೆಗಳಿಂದ ಉದ್ಯೋಗಕ್ಕಾಗಿ ಬಂದ ನಮ್ಮ ಜನರು ಈ ಪ್ರದೇಶಗಳಲ್ಲಿ ಮನೆ ಮಾಡಿದರು. ಬರುವಾಗ ಸಾಲಿಗ್ರಾಮದ ಸಂಪುಟವನ್ನು ತಂದರು, ಪಂಚಾಂಗವನ್ನು ತಂದರು, ಹಬ್ಬದ ಅಡುಗೆಯ ಕ್ರಮವನ್ನೂ ತಂದರು. ತರಲಾಗದೆ ಉಳಿದುದು ಒಂದೇ: ಆ ಅಡುಗೆಯನ್ನು ಅರಗಿಸುತ್ತಿದ್ದ ದಿನಚರಿ.

ಹಿಂದಿನವರು ಹಬ್ಬದ ದಿನ ಹೇಗಿರುತ್ತಿದ್ದರೆಂಬುದನ್ನು ಸ್ಮರಿಸೋಣ. ಮಡಿನೀರಿಗಾಗಿ ಬಾವಿಯಿಂದ ಸೇದಬೇಕಾಗಿತ್ತು. ಹೂರಣವನ್ನು ಒರಳುಕಲ್ಲಿನಲ್ಲಿ ರುಬ್ಬಬೇಕಾಗಿತ್ತು. ಹೂವು, ತುಳಸಿ, ಬಾಳೆಯೆಲೆಗಳಿಗಾಗಿ ತೋಟಕ್ಕೆ ಹೋಗಿ ಬರಬೇಕಾಗಿತ್ತು. ದೇವರಪೂಜೆ, ನೈವೇದ್ಯ, ವೈಶ್ವದೇವಗಳು ಮುಗಿದು ಎಲೆ ಹಾಕುವಾಗ ಮಧ್ಯಾಹ್ನವು ಜಾರಿರುತ್ತಿತ್ತು. ಅಷ್ಟು ಹೊತ್ತು ಹಸಿದು, ಅಷ್ಟು ದುಡಿದು ಕುಳಿತವನಿಗೆ ಎರಡು ಹೋಳಿಗೆ ಹೆಚ್ಚಾಗುತ್ತಿರಲಿಲ್ಲ. ಇಂದು ರಾತ್ರಿಯ ಪಾಳಿಯನ್ನು ಮುಗಿಸಿ ಬೆಳಗ್ಗೆ ಮನೆಗೆ ಬಂದ ಯುವಕನು ಸ್ನಾನಮಾಡಿ ನೇರವಾಗಿ ಎಲೆಯ ಮುಂದೆ ಕುಳಿತುಕೊಳ್ಳುತ್ತಾನೆ. ಹಿಂದಿನ ದಿನ ಕಚೇರಿಯಲ್ಲಿ ಹಬ್ಬದ ನಿಮಿತ್ತ ಹಂಚಿದ ಮಿಠಾಯಿಯ ಪೆಟ್ಟಿಗೆಯು ಅರ್ಧ ಖಾಲಿಯಾಗಿರುತ್ತದೆ. ಸಂಜೆ ನೆರೆಮನೆಯ ತಟ್ಟೆ ಬರುತ್ತದೆ. ರಾತ್ರಿ ಹನ್ನೊಂದಕ್ಕೆ ದೂರವಾಣಿಯ ತೆರೆಯನ್ನು ಮುಟ್ಟಿದರೆ ಮತ್ತೇನಾದರೂ ಬಾಗಿಲಿಗೇ ಬರುತ್ತದೆ. ಹಬ್ಬದೂಟವು ಹಾಗೆಯೇ ಉಳಿಯಿತು. ಅದಕ್ಕೆ ಬೇಕಾದ ಹಸಿವೆಯು ಹೊರಟುಹೋಯಿತು.

ಇದರ ಫಲವು ಕಣ್ಣಿಗೆ ಕಾಣುವಂತಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯ ಅಂದಾಜಿನಂತೆ ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನರು ಅದರ ಹೊಸ್ತಿಲಿನಲ್ಲಿದ್ದಾರೆ. ಈ ವ್ಯಾಧಿಯು ಸದ್ದಿಲ್ಲದೆ ಕಣ್ಣು, ಮೂತ್ರಪಿಂಡ, ಹೃದಯ, ಪಾದಗಳನ್ನು ಹಿಡಿಯತಕ್ಕದ್ದು. ಕೇವಲ ಹಬ್ಬದೂಟದಿಂದಲೇ ಇದು ಬಂದಿತೆಂದು ನಾವು ಹೇಳುವುದಿಲ್ಲ. ಆದರೆ ಹಬ್ಬದ ಕಾಲದ ಅತಿಭೋಜನವು ಲೆಕ್ಕಕ್ಕೆ ಬಾರದ ವಿಷಯವೆಂದೂ ತಿಳಿಯಬಾರದು. ಅಮೆರಿಕದಲ್ಲಿ 195 ಮಂದಿ ವಯಸ್ಕರನ್ನು ಅವರ ಹಬ್ಬಗಳ ಕಾಲದಲ್ಲಿ ತೂಗಿನೋಡಿ 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದುಂಟು. ಆ ಸುಮಾರು ಆರೇಳು ವಾರಗಳಲ್ಲಿ ಅವರ ತೂಕವು ಸರಾಸರಿ 0.37 ಕಿಲೋಗ್ರಾಂ ಮಾತ್ರ ಏರಿತ್ತು. ಇದು ಅಲ್ಪವೇ. ಆದರೆ ಮುಂದಿನ ತಿಂಗಳುಗಳಲ್ಲಿ ಆ ಅಲ್ಪವು ಇಳಿಯಲಿಲ್ಲವೆಂಬುದೇ ಅಧ್ಯಯನದ ಮುಖ್ಯ ಅಂಶ. ಒಂದು ಹಬ್ಬದ ಕಾಲದ ಶೇಷವು ಮುಂದಿನ ಹಬ್ಬದ ಕಾಲಕ್ಕೆ ಬಂಡವಾಳವಾಗುತ್ತದೆ. ಹೀಗೆ ಇಪ್ಪತ್ತು ವರ್ಷಗಳು ಕಳೆದರೆ ಮನುಷ್ಯನು ತನಗೆ ತಿಳಿಯದಂತೆಯೇ ಬೇರೊಂದು ದೇಹವನ್ನು ಹೊತ್ತಿರುತ್ತಾನೆ.

"ನಾವು ಸಣಕಲು ಮೈಯವರು, ನಮಗೇನು ಭಯ" ಎನ್ನುವವರೂ ಉಂಟು. ಅವರು ನಮ್ಮ ದೇಶದ ವೈದ್ಯರ ಎಚ್ಚರಿಕೆಯನ್ನು ಗಮನಿಸಬೇಕು. ಭಾರತೀಯರ ದೇಹದಲ್ಲಿ ಕೈಕಾಲುಗಳು ತೆಳ್ಳಗಿದ್ದರೂ ಹೊಟ್ಟೆಯ ಸುತ್ತ ಕೊಬ್ಬು ಸೇರುವ ಸ್ವಭಾವವು ಹೆಚ್ಚು. ಆದುದರಿಂದ ಸೊಂಟದ ಸುತ್ತಳತೆಯು ಪುರುಷರಲ್ಲಿ 90 ಸೆಂಟಿಮೀಟರನ್ನೂ ಸ್ತ್ರೀಯರಲ್ಲಿ 80 ಸೆಂಟಿಮೀಟರನ್ನೂ ಮೀರಬಾರದೆಂದು ಅವರು ನಿರ್ಣಯಿಸಿದ್ದಾರೆ. ಪಂಚೆಯ ಗಂಟು ಸಡಿಲಿಸಿಕೊಂಡು ಊಟಕ್ಕೆ ಕುಳಿತುಕೊಳ್ಳುವ ಅಭ್ಯಾಸವುಳ್ಳವರು ಒಮ್ಮೆ ದರ್ಜಿಯ ಟೇಪನ್ನು ಸುತ್ತಿ ನೋಡಿಕೊಳ್ಳುವುದು ಒಳ್ಳೆಯದು.

ಇಷ್ಟು ಹೇಳಿದಾಗ ಪೂರ್ವಪಕ್ಷವು ಎದುರಾಗುತ್ತದೆ. "ಇದು ಹೋಟೆಲಿನ ಊಟವಲ್ಲ, ಹರಿಗೆ ನಿವೇದಿತವಾದ ಪ್ರಸಾದ. ಪ್ರಸಾದವನ್ನು ಬೇಡವೆನ್ನಬಾರದು. ಎಲೆಯಲ್ಲಿ ಬಿಡುವುದು ಮಹಾದೋಷ. ಅನ್ನವನ್ನು ನಿಂದಿಸಬಾರದೆಂದು ಉಪನಿಷತ್ತೇ ವಿಧಿಸಿದೆ. ವಾಯುದೇವರ ದ್ವಿತೀಯಾವತಾರವಾದ ಭೀಮಸೇನನು ವೃಕೋದರನೆಂದೇ ಪ್ರಸಿದ್ಧ. ಶ್ರೀಮದಾಚಾರ್ಯರು ನೂರಾರು ಬಾಳೆಯ ಹಣ್ಣುಗಳನ್ನು ಒಮ್ಮೆಗೇ ಸ್ವೀಕರಿಸಿದ ಪ್ರಸಂಗವು ಸುಮಧ್ವವಿಜಯದಲ್ಲಿದೆ. ಅವರ ಅನುಯಾಯಿಗಳಾದ ನಾವು ಊಟಕ್ಕೆ ಹೆದರುವುದೇ?" ಈ ಮಾತುಗಳನ್ನು ಅರ್ಧ ವಿನೋದವಾಗಿಯೂ ಅರ್ಧ ನಿಜವಾಗಿಯೂ ಆಡುವುದನ್ನು ನಾವೆಲ್ಲರೂ ಪಂಕ್ತಿಗಳಲ್ಲಿ ಕೇಳಿದ್ದೇವೆ. ವಿನೋದವು ಇರಲಿ. ಆದರೆ ವಾದವೆಂದು ಮುಂದಿಟ್ಟ ಮೇಲೆ ಅದನ್ನು ಪರೀಕ್ಷಿಸುವುದು ನಮ್ಮ ಪರಂಪರೆಯ ರೀತಿ.

ಮೊದಲು ಪ್ರಸಾದವೆಂದರೇನು ಎಂಬುದನ್ನು ನೋಡೋಣ. ಅನ್ನಕ್ಕೆ ಪ್ರಸಾದತ್ವವು ಬರುವುದು ಭಗವಂತನಿಗೆ ಸಮರ್ಪಣೆಯಾದುದರಿಂದ. ಸಮರ್ಪಣೆಯು ಇಡೀ ಪಾತ್ರೆಗೂ ಒಂದೇ, ಅದರ ಒಂದು ಅಗುಳಿಗೂ ಒಂದೇ. ಹೆಚ್ಚು ತಿಂದವನಿಗೆ ಹೆಚ್ಚು ಅನುಗ್ರಹವೆಂಬ ಲೆಕ್ಕವು ಎಲ್ಲಿಯೂ ಇಲ್ಲ. ತೀರ್ಥವನ್ನು ನಾವು ಉದ್ಧರಣೆಯಲ್ಲಿ ಸ್ವೀಕರಿಸುತ್ತೇವೆ, ಕೊಡವನ್ನೆತ್ತಿ ಕುಡಿಯುವುದಿಲ್ಲ. ಗಂಧವನ್ನು ಬೆರಳ ತುದಿಯಲ್ಲಿ ಹಚ್ಚಿಕೊಳ್ಳುತ್ತೇವೆ. ರಾಯರ ಸನ್ನಿಧಿಯ ಮಂತ್ರಾಕ್ಷತೆಯ ನಾಲ್ಕು ಕಾಳುಗಳನ್ನು ಜೋಪಾನವಾಗಿ ಮನೆಗೆ ತಂದು, ಮಕ್ಕಳ ತಲೆಯ ಮೇಲೆ ಹಾಕಿ ತೃಪ್ತರಾಗುತ್ತೇವೆ. ಇನ್ನೊಂದು ಸೇರು ಮಂತ್ರಾಕ್ಷತೆ ಬೇಕೆಂದು ಯಾರೂ ಕೇಳಿದವರಿಲ್ಲ. ತೀರ್ಥ, ಗಂಧ, ಅಕ್ಷತೆಗಳಲ್ಲಿ ಅಲ್ಪವೇ ಪೂರ್ಣವೆಂದು ತಿಳಿದ ನಾವು ಹೋಳಿಗೆ, ಹಯಗ್ರೀವಗಳಿಗೆ ಬಂದಾಗ ಮಾತ್ರ ಹೆಚ್ಚಿನದರಲ್ಲಿ ಭಕ್ತಿಯನ್ನು ಕಾಣುತ್ತೇವೆಂದರೆ, ಅಲ್ಲಿ ಮಾತನಾಡುತ್ತಿರುವುದು ಭಕ್ತಿಯೋ ನಾಲಿಗೆಯೋ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕಾಗುತ್ತದೆ.

ಎರಡನೆಯದಾಗಿ, ನಮ್ಮಲ್ಲಿ ಭೋಜನವು ಹೊಟ್ಟೆ ತುಂಬಿಸುವ ಕ್ರಿಯೆ ಮಾತ್ರವಲ್ಲ, ಅದೊಂದು ಯಜ್ಞ. ಪರಿಷೇಚನೆ, ಚಿತ್ರಾಹುತಿ, ಆಪೋಶನ, ಪಂಚಪ್ರಾಣಾಹುತಿಗಳು ಆ ಯಜ್ಞದ ಅಂಗಗಳು. ಪ್ರಾಣಿಗಳ ದೇಹದಲ್ಲಿ ವೈಶ್ವಾನರನಾಗಿ ನೆಲೆಸಿ, ಪ್ರಾಣಾಪಾನಗಳೊಡನೆ ಕೂಡಿ ಚತುರ್ವಿಧಾನ್ನವನ್ನು ಪಚನ ಮಾಡುವವನು ತಾನೇ ಎಂದು ಶ್ರೀಕೃಷ್ಣನು ಗೀತೆಯ ಹದಿನೈದನೆಯ ಅಧ್ಯಾಯದಲ್ಲಿ ತಿಳಿಸಿದ್ದಾನೆ. ಹಾಗಾದರೆ ಜಠರವು ಅಗ್ನಿಕುಂಡವಾಯಿತು, ತುತ್ತು ಆಹುತಿಯಾಯಿತು. ಹೋಮವನ್ನು ಮಾಡಿದವರಿಗೆ ಆಹುತಿಯ ಮರ್ಮವು ತಿಳಿದಿರುತ್ತದೆ. ಚರುವನ್ನೆಲ್ಲ ಒಮ್ಮೆಗೇ ಕುಂಡದೊಳಕ್ಕೆ ಸುರಿದರೆ ಅಗ್ನಿಯು ಸಂತುಷ್ಟನಾಗುವುದಿಲ್ಲ, ಹೊಗೆಯೆದ್ದು ನಂದಿಹೋಗುತ್ತಾನೆ. ಋತ್ವಿಜನ ಶ್ರದ್ಧೆಯು ಪ್ರಕಟವಾಗುವುದು ಪ್ರಮಾಣವನ್ನು ತಪ್ಪದಿರುವುದರಲ್ಲಿ. ಜಠರದಲ್ಲಿ ನೆಲೆಸಿರುವ ಭಗವಂತನಿಗೆ ಆಹುತಿ ಕೊಡುತ್ತಿದ್ದೇನೆಂಬ ಅನುಸಂಧಾನವು ಕೊನೆಯ ತುತ್ತಿನವರೆಗೂ ಇದ್ದವನು ಅತಿಯಾಗಿ ಉಣ್ಣಲಾರನು. ಮೊದಲ ಐದು ತುತ್ತುಗಳಿಗೆ ಮಂತ್ರವಿದ್ದು, ಆರನೆಯ ತುತ್ತಿನಿಂದ ಮರೆವು ಆವರಿಸಿದಾಗಲೇ ಅತಿಭೋಜನವು ಪ್ರಾರಂಭವಾಗುತ್ತದೆ.

ಅನ್ನವನ್ನು ನಿಂದಿಸಬಾರದೆಂಬ ವಿಧಿಯು ತೈತ್ತಿರೀಯದಲ್ಲಿ ಇರುವುದು ಸತ್ಯ. ಅದೇ ಉಪನಿಷತ್ತು ಅನ್ನಶಬ್ದಕ್ಕೆ ಎರಡು ಬಗೆಯ ನಿರ್ವಚನವನ್ನೂ ಕೊಟ್ಟಿದೆ: ಪ್ರಾಣಿಗಳಿಂದ ತಿನ್ನಲ್ಪಡುವುದರಿಂದಲೂ ಅದು ಅನ್ನ, ಪ್ರಾಣಿಗಳನ್ನು ತಾನೇ ತಿನ್ನುವುದರಿಂದಲೂ ಅದು ಅನ್ನ. ಈ ಎರಡನೆಯ ಅರ್ಥವು ನಮ್ಮ ಕಾಲಕ್ಕೆ ಎಷ್ಟು ಹೊಂದುತ್ತದೆಂಬುದನ್ನು ಹೇಳಬೇಕಾಗಿಲ್ಲ. ಮಿತವಾಗಿ ಉಂಡವನು ಅನ್ನವನ್ನು ಉಣ್ಣುತ್ತಾನೆ. ಮಿತಿಮೀರಿ ಉಂಡವನನ್ನು ಅನ್ನವು ಉಣ್ಣುತ್ತದೆ. ಅನ್ನವನ್ನು ರೋಗಕ್ಕೆ ಕಾರಣವಾಗುವಂತೆ ಮಾಡುವುದಕ್ಕಿಂತ ಹೆಚ್ಚಿನ ಅನ್ನನಿಂದೆಯು ಯಾವುದು? ಗೀತೆಯ ಆರನೆಯ ಅಧ್ಯಾಯದಲ್ಲಿಯೂ ಅತಿಯಾಗಿ ಉಣ್ಣುವವನಿಗೂ ಏನನ್ನೂ ಉಣ್ಣದವನಿಗೂ ಯೋಗವು ಸಿದ್ಧಿಸದೆಂದು ಹೇಳಲ್ಪಟ್ಟಿದೆ. ಅಲ್ಲಿ ಅತಿಭೋಜನಕ್ಕೆ ಹಬ್ಬದ ದಿನದ ವಿನಾಯಿತಿಯನ್ನೇನೂ ಕೊಟ್ಟಿಲ್ಲ.

ಎಲೆಯಲ್ಲಿ ಬಿಡುವುದು ದೋಷವೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಹಸಿವೆ ತೀರಿದ ಮೇಲೆ ಎಲೆಯಲ್ಲಿ ಉಳಿದ ಅನ್ನವು ಹೇಗೆ ವ್ಯರ್ಥವೋ ಹಾಗೆಯೇ ಹಸಿವೆ ತೀರಿದ ಮೇಲೆ ಹೊಟ್ಟೆಗೆ ತುರುಕಿದ ಅನ್ನವೂ ವ್ಯರ್ಥ. ಮೊದಲನೆಯದು ಗೋವಿನ ಬಾಯಿಗಾದರೂ ಸೇರೀತು. ಎರಡನೆಯದು ವ್ಯರ್ಥವಾಗುವುದಲ್ಲದೆ ಉಂಡವನನ್ನೂ ಕೆಡಿಸುತ್ತದೆ. ಒಂದು ದೋಷವನ್ನು ತಪ್ಪಿಸಲು ಇನ್ನೊಂದನ್ನು ಮಾಡುವುದು ಪ್ರಾಯಶ್ಚಿತ್ತವಾಗಲಾರದು. ಎರಡನ್ನೂ ತಪ್ಪಿಸುವ ಕ್ಷಣವು ಒಂದೇ: ಬಡಿಸುವವರ ಸೌಟು ಎಲೆಯ ಮೇಲೆ ಬಾಗುವ ಕ್ಷಣ. ಆಗ ಕೈಯನ್ನು ಅಡ್ಡ ಹಿಡಿದು "ಸಾಕು" ಎನ್ನಬೇಕು. ಬಡಿಸಿದ ಮೇಲೆ ಪಶ್ಚಾತ್ತಾಪಪಡುವುದರಿಂದ ಫಲವಿಲ್ಲ.

ಇನ್ನು ಭೀಮಸೇನನ ವಿಚಾರ. ಅರಗಿನ ಮನೆಯಿಂದ ಪಾರಾದ ರಾತ್ರಿ ತಾಯಿಯನ್ನೂ ಅಣ್ಣತಮ್ಮಂದಿರನ್ನೂ ಹೊತ್ತುಕೊಂಡು ಕಾಡಿನಲ್ಲಿ ನಡೆದವನು ಭೀಮ. ಏಕಚಕ್ರದಲ್ಲಿ ಭಿಕ್ಷಾನ್ನದ ಅರ್ಧವನ್ನು ತಾಯಿ ಕುಂತಿಯು ಅವನಿಗೇ ಮೀಸಲಿಡುತ್ತಿದ್ದುದು ನಿಜ. ಆ ಊರಿನವರನ್ನು ತಿನ್ನುತ್ತಿದ್ದ ಬಕನನ್ನು ಕೊಂದು ಊರನ್ನು ಉಳಿಸಿದವನೂ ಅವನೇ. ಅವನು ಉಂಡದ್ದು ಲೋಕದ ಕೆಲಸಕ್ಕೆ ಬಲವಾಗಿ ಹಿಂದಿರುಗಿತು. ವೃಕೋದರನ ಊಟವನ್ನು ಅನುಸರಿಸಬೇಕೆನ್ನುವವರು ಮೊದಲು ಅವನ ಹೆಗಲನ್ನು ಅನುಸರಿಸಲಿ. ಶ್ರೀಮದಾಚಾರ್ಯರ ಪ್ರಸಂಗವಂತೂ ಅವತಾರಪುರುಷರ ಮಹಿಮೆಯನ್ನು ತಿಳಿಸತಕ್ಕದ್ದು. ಅದು ನಮ್ಮ ಎಲೆಗೆ ಅಳತೆಗೋಲಲ್ಲ. ಆದರೆ ಅದೇ ಸುಮಧ್ವವಿಜಯದಲ್ಲಿ ಶ್ರೀನಾರಾಯಣಪಂಡಿತಾಚಾರ್ಯರು ಇನ್ನೊಂದು ವಿಷಯವನ್ನೂ ವರ್ಣಿಸಿದ್ದಾರೆ. ಬಾಲ್ಯದಲ್ಲಿ ಆಚಾರ್ಯರು ಓಟ, ಜಿಗಿತ, ಕುಸ್ತಿ, ಈಜುಗಳಲ್ಲಿ ತಮ್ಮ ಜೊತೆಯವರೆಲ್ಲರನ್ನೂ ಮೀರಿಸಿದ್ದರು. ಮುಂದೆ ಅವರು ಕಾಲ್ನಡಿಗೆಯಲ್ಲಿಯೇ ಬದರಿಯವರೆಗೆ ಹೋಗಿ ಬಂದರು. ಬಾಳೆಯ ಹಣ್ಣಿನ ಕಥೆಯನ್ನು ನೆನಪಿನಲ್ಲಿಟ್ಟುಕೊಂಡು ಬದರೀಯಾತ್ರೆಯನ್ನು ಮರೆಯುವುದು ನ್ಯಾಯವಲ್ಲ.

ಈಗ ಸಿದ್ಧಾಂತಕ್ಕೆ ಬರೋಣ. ನಮ್ಮ ಹಿರಿಯರು ಹಬ್ಬಗಳನ್ನು ಎಲ್ಲಿ ಕೂರಿಸಿದ್ದಾರೆಂಬುದನ್ನು ಪಂಚಾಂಗದಲ್ಲಿ ಒಮ್ಮೆ ಗಮನವಿಟ್ಟು ನೋಡಬೇಕು. ನಾಗಪಂಚಮಿಯಿಂದ ದೀಪಾವಳಿಯವರೆಗಿನ ಈ ಸಾಲು ಸಂಪೂರ್ಣವಾಗಿ ಚಾತುರ್ಮಾಸ್ಯದ ಒಳಗೇ ಬರುತ್ತದೆ. ಮೊದಲ ತಿಂಗಳು ಶಾಕವ್ರತ, ಎರಡನೆಯ ತಿಂಗಳು ದಧಿವ್ರತ, ಮೂರನೆಯ ತಿಂಗಳು ಕ್ಷೀರವ್ರತ, ನಾಲ್ಕನೆಯ ತಿಂಗಳು ದ್ವಿದಳವ್ರತ: ಹೀಗೆ ಒಂದೊಂದು ತಿಂಗಳು ಒಂದೊಂದು ಪದಾರ್ಥವನ್ನು ಬಿಡುವ ನಿಯಮವಿರುವುದು ಅತ್ಯಂತ ಹೆಚ್ಚು ಹಬ್ಬಗಳಿರುವ ಆ ನಾಲ್ಕು ತಿಂಗಳುಗಳಲ್ಲಿಯೇ. ತಪ್ತಮುದ್ರಾಧಾರಣೆಯ ಪ್ರಥಮೈಕಾದಶಿಯಿಂದ ಉತ್ಥಾನೈಕಾದಶಿಯವರೆಗೆ ಎರಡನ್ನೂ ಸೇರಿಸಿ ಎಣಿಸಿದರೆ, ನಡುವೆ ಅಧಿಕಮಾಸವಿಲ್ಲದ ವರ್ಷದಲ್ಲಿ ಒಂಬತ್ತು ಏಕಾದಶಿಗಳು ಬರುತ್ತವೆ. ಪ್ರತಿಯೊಂದಕ್ಕೂ ದಶಮಿಯಂದು ಒಪ್ಪೊತ್ತು, ಏಕಾದಶಿಯಂದು ನಿರಾಹಾರ, ದ್ವಾದಶಿಯಂದು ಪಾರಣೆಯಾದ ಮೇಲೆ ಮತ್ತೆ ಒಪ್ಪೊತ್ತು. ಕೃಷ್ಣಜಯಂತಿಯ ಉಪವಾಸವು ಇದಕ್ಕೆ ಸೇರಿದ್ದು. ಹಬ್ಬವನ್ನು ವ್ರತದ ಮಡಿಲಲ್ಲಿ ಇಟ್ಟವರು ಉಣ್ಣುವ ಸುಖವನ್ನು ತಿಳಿಯದವರಾಗಿರಲಿಲ್ಲ. ಬಿಡಬಲ್ಲವನೇ ಸವಿಯಬಲ್ಲನೆಂಬುದನ್ನು ಅವರು ತಿಳಿದಿದ್ದರು.

ಉಡುಪಿಯ ಶ್ರೀಕೃಷ್ಣನಿಗೆ ಅನ್ನಬ್ರಹ್ಮನೆಂಬ ಖ್ಯಾತಿಯುಂಟು. ಪ್ರತಿದಿನವೂ ಸಹಸ್ರಾರು ಜನರು ಅಲ್ಲಿ ಉಣ್ಣುತ್ತಾರೆ. ಅಂತಹ ಕ್ಷೇತ್ರದಲ್ಲಿಯೂ ಏಕಾದಶಿಯಂದು ಅನ್ನಸಂತರ್ಪಣೆಯಿಲ್ಲ. ಅನ್ನಬ್ರಹ್ಮನ ಭೋಜನಶಾಲೆಗೇ ಬಿಡುವಿರುವಾಗ ನಮ್ಮ ಹೊಟ್ಟೆಗೆ ಬಿಡುವು ಬೇಡವೇ?

ನಾವು ಮಾಡಿರುವುದೇನು? ಈ ಜೋಡಿಯಲ್ಲಿ ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಸಡಿಲಿಸಿದ್ದೇವೆ. ಹಬ್ಬಗಳೆಲ್ಲವೂ ನೆನಪಿರುತ್ತವೆ, ವ್ರತಗಳು "ಈ ಕೆಲಸದಲ್ಲಿ ಸಾಧ್ಯವಿಲ್ಲ" ಎಂಬ ಮಾತಿನಲ್ಲಿ ಮುಗಿಯುತ್ತವೆ. ಏಕಾದಶಿಯನ್ನು ಹಿಡಿದವರಲ್ಲಿಯೂ ಅನೇಕರ ಮನೆಯಲ್ಲಿ ಅಂದು ಅವಲಕ್ಕಿ, ಸಬ್ಬಕ್ಕಿ, ಗೋಧಿಯ ಉಪ್ಪಿಟ್ಟು, ಹುರಿದ ಆಲೂಗಡ್ಡೆಗಳ ಪರಿಷೆಯೇ ನೆರೆಯುತ್ತದೆ. ಅನ್ನವೊಂದನ್ನು ಬಿಟ್ಟು ಉಳಿದುದೆಲ್ಲವನ್ನೂ ತಿಂದರೆ ಉಪವಾಸವೆಂಬ ಹೆಸರು ಮಾತ್ರ ಉಳಿಯುತ್ತದೆ. ಏಕಾದಶಿಯು ತೂಕವನ್ನು ಇಳಿಸುವ ಉಪಾಯವೆಂದು ನಾವು ಹೇಳುತ್ತಿಲ್ಲ. ಅದು ಹರಿದಿನ, ಅದರ ಮಹಿಮೆಯನ್ನು ಶ್ರೀಮದಾಚಾರ್ಯರು ಕೃಷ್ಣಾಮೃತಮಹಾರ್ಣವದಲ್ಲಿ ವಿಸ್ತರಿಸಿದ್ದಾರೆ. ಆದರೆ ನಾಲಿಗೆಯು ಕೇಳಿದುದನ್ನು ಕೊಡದಿರುವ ಅಭ್ಯಾಸವು ಹದಿನೈದು ದಿನಗಳಿಗೊಮ್ಮೆ ಆಗುತ್ತಿದ್ದರೆ, ಹಬ್ಬದ ಎಲೆಯ ಮುಂದೆ "ಸಾಕು" ಎಂಬ ಮಾತು ತಾನಾಗಿಯೇ ಬಾಯಿಗೆ ಬರುತ್ತದೆ. ಆ ಅಭ್ಯಾಸವಿಲ್ಲದವನಿಗೆ ಅದು ಎಂದಿಗೂ ಬಾರದು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳುವುದು ನಮ್ಮ ಕರ್ತವ್ಯ. ಎಂಟರಿಂದ ಎಂಬತ್ತು ವರ್ಷದವರಿಗೆ ಏಕಾದಶಿಯು ವಿಹಿತವಾದರೂ ರೋಗಿಗಳಿಗೂ ಅಶಕ್ತರಿಗೂ ಶಾಸ್ತ್ರವು ದಯೆಯನ್ನು ತೋರಿಸಿದೆ. ಮಧುಮೇಹಕ್ಕೆ ಇನ್ಸುಲಿನ್ ಚುಚ್ಚಿಕೊಳ್ಳುವವರು ಅಥವಾ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ನಿರಾಹಾರವಿದ್ದರೆ ರಕ್ತದ ಸಕ್ಕರೆಯು ಒಮ್ಮೆಗೇ ಕುಸಿದು ಪ್ರಾಣಾಪಾಯವಾಗಬಹುದು. ಗರ್ಭಿಣಿಯರೂ ಬಾಣಂತಿಯರೂ ಹಟ ಮಾಡಬಾರದು. ಸಾಧನೆಗೆ ದೇಹವೇ ಮೊದಲ ಉಪಕರಣ. ಅದನ್ನು ಅತಿಭೋಜನದಿಂದ ಕೆಡಿಸುವುದು ಹೇಗೆ ತಪ್ಪೋ ಅವಿವೇಕದ ಉಪವಾಸದಿಂದ ಕೆಡಿಸುವುದೂ ಹಾಗೆಯೇ ತಪ್ಪು.

ಉಣ್ಣುವವನ ಧರ್ಮವನ್ನು ಇಷ್ಟು ಹೇಳಿದ ಮೇಲೆ ಬಡಿಸುವವರ ಧರ್ಮವನ್ನು ಹೇಳದಿದ್ದರೆ ವಿಚಾರವು ಅಪೂರ್ಣವಾದೀತು. ನಮ್ಮಲ್ಲಿ ಒತ್ತಾಯವು ಉಪಚಾರದ ಒಂದು ಅಂಗವಾಗಿದೆ. "ಇನ್ನೊಂದು ಹೋಳಿಗೆ, ನನ್ನಾಣೆ" ಎನ್ನುವ ಅತ್ತೆ, ಚಿಕ್ಕಮ್ಮ, ಮಾಮಿಯರ ಮನಸ್ಸಿನಲ್ಲಿ ಪ್ರೀತಿಯಲ್ಲದೆ ಬೇರೇನೂ ಇರುವುದಿಲ್ಲ. ಆದರೆ ಎದುರಿಗೆ ಕುಳಿತವನಿಗೆ ಸಕ್ಕರೆಯ ಕಾಯಿಲೆಯಿರಬಹುದು. ಪಂಕ್ತಿಯ ನಡುವೆ ಅದನ್ನು ಹೇಳಿಕೊಳ್ಳಲು ಅವನಿಗೆ ಸಂಕೋಚವಿರಬಹುದು. ಮೂರು ಸಲ ಬೇಡವೆಂದು ನಾಲ್ಕನೆಯ ಸಲ ದಾಕ್ಷಿಣ್ಯಕ್ಕೆ ಮಣಿದವನು ತಿಂದದ್ದಕ್ಕೆ ಒತ್ತಾಯ ಮಾಡಿದವರೂ ಪಾಲುದಾರರಲ್ಲವೇ? ಅತಿಥಿಯ ತೃಪ್ತಿಯೇ ಆತಿಥ್ಯದ ಗುರಿಯಾದರೆ, ಅವನು "ತೃಪ್ತಿಯಾಯಿತು" ಎಂದಾಗ ಆ ಮಾತನ್ನು ನಂಬುವುದೇ ದೊಡ್ಡ ಉಪಚಾರ. ಒಮ್ಮೆ ಕೇಳುವುದು ಗೌರವ, ಎರಡನೆಯ ಸಲ ಕೇಳುವುದು ಪ್ರೀತಿ. ಅದಕ್ಕಿಂತ ಮುಂದೆ ಹೋದರೆ ಅದು ನಮ್ಮ ಸಂತೋಷಕ್ಕಾಗಿ ಇನ್ನೊಬ್ಬರ ದೇಹವನ್ನು ಬಳಸಿಕೊಂಡಂತೆ.

ಅಡುಗೆಯ ಮನೆಯಲ್ಲಿ ನಿಂತವರನ್ನೂ ನೆನೆಯಬೇಕು. ಎಲೆಕ್ಟ್ರಾನಿಕ್ ಸಿಟಿಯ ಕಚೇರಿಯಿಂದ ರಾತ್ರಿ ತಡವಾಗಿ ಬಂದ ಸೊಸೆಯೂ, ಮಂಡಿಯ ನೋವಿನ ಅತ್ತೆಯೂ ನಸುಕಿನಲ್ಲಿ ಮಡಿಯುಟ್ಟು ಹತ್ತಾರು ಬಗೆಗಳನ್ನು ಮಾಡಿ, ಎಲ್ಲರೂ ಉಂಡು ಎದ್ದ ಮೇಲೆ ತಾವು ಆರಿದ ಅನ್ನಕ್ಕೆ ಕೂಡುವುದು ಇಂದಿಗೂ ಅನೇಕ ಮನೆಗಳಲ್ಲಿ ನಡೆದಿದೆ. ಐದು ಬಗೆಗಳ ಬದಲು ಎರಡು ಬಗೆಗಳಾದರೆ ನೈವೇದ್ಯಕ್ಕೆ ಕೊರತೆಯಾಗುವುದಿಲ್ಲ. ಭಾಗವತದ ಕುಚೇಲನು ಒಯ್ದದ್ದು ಒಂದು ಗಂಟು ಅವಲಕ್ಕಿ. ಶ್ರೀಕೃಷ್ಣನು ಅದರಲ್ಲಿ ಒಂದು ಹಿಡಿಯಿಂದಲೇ ತೃಪ್ತನಾದನು. ಹೆಚ್ಚಿಗೆ ಮಾಡಲೇಬೇಕೆಂಬ ಉತ್ಸಾಹವಿದ್ದರೆ ಆ ಹೆಚ್ಚಿನದು ನಮ್ಮ ಹೊಟ್ಟೆಗೇ ಏಕೆ ಬರಬೇಕು? ನಾವಿರುವ ಬಡಾವಣೆಗಳನ್ನು ಕಟ್ಟುತ್ತಿರುವ ಕೂಲಿಕಾರರು, ರಾತ್ರಿ ಬಾಗಿಲು ಕಾಯುವವರು, ದೂರದ ಊರಿನಿಂದ ಬಂದು ಬಾಡಿಗೆಯ ಕೋಣೆಗಳಲ್ಲಿ ಹಬ್ಬವಿಲ್ಲದೆ ಇರುವ ಹುಡುಗರು ನಮ್ಮ ಬಾಗಿಲಿಗೆ ನೂರು ಹೆಜ್ಜೆಯ ಒಳಗೇ ಇದ್ದಾರೆ. ನಾಲ್ಕನೆಯ ಹೋಳಿಗೆಯು ನಮಗೆ ರೋಗ. ಅವರಿಗೆ ಅದೇ ಹಬ್ಬ. ಮಿತಾಹಾರವೂ ಅನ್ನದಾನವೂ ಒಂದೇ ಕೈಯ ಎರಡು ಕೆಲಸಗಳೆಂಬುದನ್ನು ಇಲ್ಲಿ ಕಾಣಬಹುದು.

ದೇಹವನ್ನು ದುಡಿಸುವ ವಿಷಯದಲ್ಲಿಯೂ ಒಂದು ಮಾತು. ಪೀಣ್ಯದ ಕಾರ್ಖಾನೆಗಳಲ್ಲಿ ಆಯುಧಪೂಜೆಯಂದು ಯಂತ್ರಗಳನ್ನು ತೊಳೆದು, ಅರಿಶಿನ ಕುಂಕುಮವಿಟ್ಟು, ಹೂವನ್ನೇರಿಸಿ, ಬೂದುಗುಂಬಳವನ್ನು ಒಡೆದು ಪೂಜಿಸುವ ಪದ್ಧತಿಯುಂಟು. ಲೇತಿಗೆ ಎಣ್ಣೆ ಬೇಕೆಂದು ಯಾರೂ ಡಬ್ಬಿಯನ್ನೇ ಅದರ ಮೇಲೆ ಸುರಿಯುವುದಿಲ್ಲ. ಹಬ್ಬವೆಂದು ಬಾಯ್ಲರಿನ ಒತ್ತಡವನ್ನು ಗುರುತಿಗಿಂತ ಮೇಲಕ್ಕೆ ಏರಿಸುವುದಿಲ್ಲ. ಪೂಜೆ ಮುಗಿದ ಮೇಲೆ ಯಂತ್ರವನ್ನು ತಿಂಗಳುಗಟ್ಟಲೆ ತುಕ್ಕು ಹಿಡಿಯಲೂ ಬಿಡುವುದಿಲ್ಲ. ಕಬ್ಬಿಣದ ಯಂತ್ರಕ್ಕೆ ತೋರುವ ಈ ವಿವೇಕವನ್ನು ಭಗವಂತನೇ ಬಿಂಬರೂಪದಿಂದ ನೆಲೆಸಿರುವ ದೇಹಕ್ಕೆ ತೋರಿಸದಿರುವುದು ಆಶ್ಚರ್ಯ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳಷ್ಟಾದರೂ ಚುರುಕಾದ ನಡಿಗೆಯಂತಹ ಶ್ರಮವನ್ನು ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ತಿಳಿಸಿದೆ. ಮಧುಮೇಹಿಗಳು ಪ್ರತಿಯೊಂದು ಊಟವಾದ ಮೇಲೆ ಹತ್ತು ನಿಮಿಷ ನಡೆದರೆ, ದಿನದಲ್ಲಿ ಯಾವಾಗಲಾದರೂ ಒಮ್ಮೆ ಅರ್ಧ ಗಂಟೆ ನಡೆಯುವುದಕ್ಕಿಂತ ಸಕ್ಕರೆಯು ಹೆಚ್ಚು ಹತೋಟಿಯಲ್ಲಿರುತ್ತದೆಂದು 2016ರಲ್ಲಿ ಪ್ರಕಟವಾದ ನ್ಯೂಜಿಲೆಂಡಿನ ಅಧ್ಯಯನವು ಕಂಡುಕೊಂಡಿದೆ. ಉಂಡ ಮೇಲೆ ನಾಲ್ಕು ಹೆಜ್ಜೆ ಹಾಕಬೇಕೆಂದು ನಮ್ಮ ಅಜ್ಜಂದಿರು ಹೇಳುತ್ತಿದ್ದುದೂ ಇದೇ ಅಲ್ಲವೇ? ಮನೆಯಲ್ಲಿ ದೇವರಿಗೆ ಹನ್ನೆರಡು ಸಾಷ್ಟಾಂಗ ನಮಸ್ಕಾರಗಳು, ಮಠದಲ್ಲಿ ರಾಯರ ಬೃಂದಾವನಕ್ಕೆ ಪ್ರದಕ್ಷಿಣೆಗಳು, ಇವು ಭಕ್ತಿಯ ಅಂಗಗಳಾದರೂ ದೇಹಕ್ಕೂ ಉಪಕಾರವೇ. 2023ರಲ್ಲಿ ವೈಟ್‌ಫೀಲ್ಡಿಗೂ 2025ರ ಆಗಸ್ಟಿನಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಮಾರ್ಗಕ್ಕೂ ಮೆಟ್ರೋ ರೈಲು ಬಂದಿದೆ. ನಿಲ್ದಾಣದಿಂದ ಮನೆಯವರೆಗಿನ ದಾರಿಯನ್ನಾದರೂ ಆಟೋ ಹತ್ತದೆ ನಡೆದು ಕ್ರಮಿಸಬಹುದು.

ಹಾಗಾದರೆ ಈ ಹಬ್ಬದ ಕಾಲದಲ್ಲಿ ಸಾಮಾನ್ಯ ಗೃಹಸ್ಥನು ಏನು ಮಾಡಬೇಕು? ಕಠಿಣವಾದುದನ್ನು ನಾವು ಸೂಚಿಸುವುದಿಲ್ಲ. ಬಾಳೆಯೆಲೆಯ ಕ್ರಮವೇ ಒಂದು ಪಾಠ. ಕೋಸಂಬರಿ ಪಲ್ಯಗಳು ಮೊದಲು ಬೀಳುತ್ತವೆ. ಪಾಯಸವು ಒಂದು ಮಿಳ್ಳೆ ಮಾತ್ರ. ಉಪ್ಪು ಉಪ್ಪಿನಕಾಯಿಗಳಿಗೆ ಎಲೆಯ ತುದಿಯಲ್ಲಿ ಜಾಗ. ಕೋಸಂಬರಿ ಪಲ್ಯಗಳನ್ನು ಮೊದಲು ನಿಧಾನವಾಗಿ ಉಂಡರೆ ಅನ್ನವು ತಾನಾಗಿಯೇ ಕಡಿಮೆಯಾಗುತ್ತದೆ. ಸಿಹಿಯು ಒಂದೇ ಬಗೆಯದು, ಒಂದೇ ಸಲದ್ದು ಎಂದು ಸಂಕಲ್ಪಿಸಬಹುದು. ದಿನಕ್ಕೆ ಸುಮಾರು 25 ಗ್ರಾಮಿಗಿಂತ ಹೆಚ್ಚು ಸಕ್ಕರೆ ಸೇರದಿದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿಯೇ ಸೂಚಿಸಿದೆ. ಬೆಲ್ಲವೂ ಆ ಲೆಕ್ಕಕ್ಕೇ ಸೇರತಕ್ಕದ್ದು. ಹೊಟ್ಟೆಯ ಅರ್ಧಭಾಗವನ್ನು ಅನ್ನಕ್ಕೂ ಕಾಲುಭಾಗವನ್ನು ನೀರಿಗೂ ಕೊಟ್ಟು ಉಳಿದ ಕಾಲುಭಾಗವನ್ನು ವಾಯುವಿಗೆ ಬಿಡಬೇಕೆಂದು ವಾಗ್ಭಟನ ಅಷ್ಟಾಂಗಹೃದಯವು ತಿಳಿಸುತ್ತದೆ. ವಾಯುದೇವರ ಭಕ್ತರೆಂದು ಹೇಳಿಕೊಳ್ಳುವ ನಾವು ಅವನಿಗೆ ಸೇರಬೇಕಾದ ಆ ಕಾಲುಭಾಗವನ್ನಾದರೂ ಒತ್ತುವರಿ ಮಾಡದಿರೋಣ. ಹಬ್ಬದ ಮಧ್ಯಾಹ್ನ ತೃಪ್ತಿಯಾಗಿ ಉಂಡವರು ರಾತ್ರಿ ಒಂದು ಲೋಟ ಮಜ್ಜಿಗೆಯಿಂದ ಮುಗಿಸಬಹುದು. ಚಾತುರ್ಮಾಸ್ಯದ ನಾಲ್ಕು ವ್ರತಗಳೂ ಸಾಧ್ಯವಾಗದಿದ್ದರೆ ಒಂದನ್ನಾದರೂ ಹಿಡಿಯಬಹುದು. ಮಕ್ಕಳಿಗೆ ಉಪದೇಶ ಮಾಡುವುದಕ್ಕಿಂತ ಅವರ ಎದುರಿನಲ್ಲಿ ಒಮ್ಮೆ "ಸಾಕು" ಎಂದು ತೋರಿಸುವುದು ಹೆಚ್ಚು ಫಲಕಾರಿ.

ಪ್ರಸಾದಕ್ಕೆ ಪ್ರಮಾಣವುಂಟೇ ಎಂಬ ಪ್ರಶ್ನೆಗೆ ಉತ್ತರವು ಇಷ್ಟು: ಪ್ರಸಾದದ ಮಹಿಮೆಗೆ ಪ್ರಮಾಣವಿಲ್ಲ, ಅದನ್ನು ಸ್ವೀಕರಿಸುವ ನಮ್ಮ ಪಾತ್ರೆಗೆ ಪ್ರಮಾಣವುಂಟು. ಆ ಪಾತ್ರೆಯನ್ನು ಕೊಟ್ಟವನೂ ಅವನೇ. ಮುಂದಿನ ವರ್ಷದ ಹಬ್ಬಗಳಿಗೂ ಕಣ್ಣು ಕಾಣುವಂತೆ, ಕಾಲು ನಡೆಯುವಂತೆ, ಕುಳಿತು ಪೂಜಿಸಿ ಎದ್ದು ನಮಸ್ಕರಿಸುವಂತೆ ದೇಹವನ್ನು ಉಳಿಸಿಕೊಳ್ಳುವುದೂ ಅವನಿಗೆ ಸಲ್ಲಿಸುವ ನೈವೇದ್ಯವೇ ಆಗಿದೆ. ಹರಿವಾಯುಗುರುಗಳು ಸಕಲ ಸಜ್ಜನರಿಗೂ ಹಿತಮಿತವಾದ ಅನ್ನವನ್ನೂ, ಅದನ್ನು ಅರಗಿಸುವ ಆರೋಗ್ಯವನ್ನೂ, ಹಂಚಿ ಉಣ್ಣುವ ಮನಸ್ಸನ್ನೂ ಅನುಗ್ರಹಿಸಲೆಂದು ಪ್ರಾರ್ಥಿಸುತ್ತೇವೆ.

ಶ್ರೀಕೃಷ್ಣಾರ್ಪಣಮಸ್ತು.